ಹೆನ್ರಿಕ್ ಶೋಗ್ರೆನ್

ಹೆನ್ರಿಕ್ ಸ್ಯಾಮ್ಯುಯೆಲ್ ಕಾನ್ರಾಡ್ ಶೋಗ್ರೆನ್ (23 ಜುಲೈ 1899 – 17 ಸೆಪ್ಟೆಂಬರ್ 1986) ಸ್ವೀಡನ್ ದೇಶದ ನೇತ್ರತಜ್ಞರು. ಕಣ್ಣು ಮತ್ತು ಬಾಯಿಯ ಶುಷ್ಕತೆಯೊಂದಿಗೆ ಕೀಲುಗಳ ಬಾಧೆಯೂ ಕಾಣಿಸಿಕೊಳ್ಳುವ ಕಾಯಿಲೆಯನ್ನು ಇಡೀ ದೇಹಕ್ಕೆ ಸಂಬಂಧಿಸಿದ ಒಂದೇ ರೋಗವೆಂದು 1933ರಲ್ಲಿ ವಿವರವಾಗಿ ನಿರೂಪಿಸಿದವರು ಇವರು. ಆ ಕಾಯಿಲೆಗೆ ಮುಂದೆ ಇವರ ಹೆಸರೇ ಬಂದು, ಇಂದು ಅದು ಶೋಗ್ರೆನ್ ಸಿಂಡ್ರೋಮ್ ಅಥವಾ ಶೋಗ್ರೆನ್ ಕಾಯಿಲೆ ಎಂದು ಪ್ರಸಿದ್ಧವಾಗಿದೆ. ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಗ್ರಂಥಿಗಳ ಮೇಲೆ ದಾಳಿ ಮಾಡುವ ಸ್ವಯಂಪ್ರತಿರಕ್ಷಣಾ ರೋಗಗಳ ಗುಂಪಿಗೆ ಇದು ಸೇರುತ್ತದೆ. ಶೋಗ್ರೆನ್ ಅವರು ಕಂಡ ರೋಗಿಗಳೆಲ್ಲರೂ ವಯಸ್ಕ ಮಹಿಳೆಯರಾಗಿದ್ದರು. ಮಕ್ಕಳಲ್ಲಿ ಇದೇ ಕಾಯಿಲೆಯು ಹೆಚ್ಚಾಗಿ ಶುಷ್ಕತೆಯಿಂದಲ್ಲ, ಮತ್ತೆ ಮತ್ತೆ ಬರುವ ಜೊಲ್ಲುಗ್ರಂಥಿಯ ಊತದಿಂದ ಆರಂಭವಾಗುತ್ತದೆ ಎಂಬುದು ನಂತರದ ತಲೆಮಾರಿನ ವೈದ್ಯರಿಗೆ ತಿಳಿದುಬಂತು.

ಸ್ವೀಡಿಷ್ ಭಾಷೆಯ ಉಚ್ಚಾರಣೆಗೆ ಹತ್ತಿರವಾದ ಶೋಗ್ರೆನ್ ಎಂಬ ರೂಪವನ್ನು ಈ ಲೇಖನದಲ್ಲಿ ಬಳಸಲಾಗಿದೆ. ಕನ್ನಡದ ಬರಹಗಳಲ್ಲಿ ಸ್ಜೋಗ್ರೆನ್, ಜೋಗ್ರೆನ್ ಎಂಬ ರೂಪಗಳೂ ಕಂಡುಬರುತ್ತವೆ.

ಜನನ ಮತ್ತು ಶಿಕ್ಷಣ

ಶೋಗ್ರೆನ್ ಅವರು 1899ರ ಜುಲೈ 23ರಂದು ಮಧ್ಯ ಸ್ವೀಡನ್ನಿನ ಶೆಪಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಮೆಲಾರೆನ್ ಸರೋವರದ ಪಶ್ಚಿಮ ತುದಿಯಲ್ಲಿರುವ ಈ ಪಟ್ಟಣವು ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆಯವರು ತಮ್ಮ ಕೊನೆಯ ವರ್ಷಗಳನ್ನು ಕಳೆದ ಊರೂ ಹೌದು. ಶೋಗ್ರೆನ್ ಅವರು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ವೈದ್ಯಶಿಕ್ಷಣ ಪಡೆದರು. 1922ರಲ್ಲಿ ಮೊದಲ ಹಂತದ ಪದವಿಯನ್ನೂ 1927ರಲ್ಲಿ ವೈದ್ಯವೃತ್ತಿಯ ಪರವಾನಗಿಯನ್ನೂ ಪಡೆದು ನೇತ್ರವಿಜ್ಞಾನದತ್ತ ತಿರುಗಿದರು. ಅವರ ಪತ್ನಿ ಮರಿಯಾ ಹೆಲ್ಗ್ರೆನ್ ಅವರು ಸ್ಟಾಕ್‌ಹೋಮಿನ ಹೆಸರಾಂತ ನೇತ್ರವೈದ್ಯರೊಬ್ಬರ ಮಗಳು.

ವೃತ್ತಿಜೀವನದ ಆರಂಭದಲ್ಲಿ ಅವರು ಸ್ಟಾಕ್‌ಹೋಮಿನ ಸೆರಾಫಿಮರ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. 1752ರಲ್ಲಿ ಆರಂಭವಾದ ಈ ಆಸ್ಪತ್ರೆಯು ಸ್ವೀಡನ್ನಿನ ಅತ್ಯಂತ ಹಳೆಯ ಆಧುನಿಕ ಆಸ್ಪತ್ರೆಯಾಗಿದ್ದು, ವೈದ್ಯವಿದ್ಯಾರ್ಥಿಗಳ ತರಬೇತಿಯ ಮುಖ್ಯ ಕೇಂದ್ರವಾಗಿತ್ತು.

ಹಿನ್ನೆಲೆ

ಶೋಗ್ರೆನ್ ಅವರಿಗಿಂತ ಮುಂಚೆಯೇ ಈ ಕಾಯಿಲೆಯ ಒಂದೊಂದು ಭಾಗವನ್ನು ಬೇರೆ ಬೇರೆ ವೈದ್ಯರು ಗಮನಿಸಿದ್ದರು. ಕಾರ್ನಿಯಾದ ಮೇಲೆ ಸಣ್ಣ ಎಳೆಗಳು ಜೋತುಬೀಳುವ ಕಣ್ಣಿನ ಉರಿಯೂತವನ್ನು ಜರ್ಮನಿಯ ನೇತ್ರತಜ್ಞ ಥಿಯೊಡೋರ್ ಲೇಬರ್ 1882ರಲ್ಲಿ ವರ್ಣಿಸಿದ್ದರು. ಬಾಯಿಯ ಜೊತೆಗೆ ಕಣ್ಣೂ ಒಣಗಿದ್ದ ರೋಗಿಯೊಬ್ಬರ ವಿವರವನ್ನು ಲಂಡನ್ನಿನ ಹ್ಯಾಡೆನ್ 1888ರಲ್ಲಿ ದಾಖಲಿಸಿದ್ದರು. ಫ್ರಾನ್ಸಿನ ಚರ್ಮರೋಗ ತಜ್ಞ ಆನ್ರಿ ಗೂಝೆರೊ ಅವರು 1925ರಲ್ಲಿ ಜೊಲ್ಲುಗ್ರಂಥಿ ಮತ್ತು ಲೋಳೆಗ್ರಂಥಿಗಳು ಕ್ರಮೇಣ ಬತ್ತಿಹೋಗುವುದನ್ನು ವಿವರಿಸಿದರು. ಈ ಕಾರಣದಿಂದ ಫ್ರಾನ್ಸಿನಲ್ಲಿ ಈ ಕಾಯಿಲೆಯನ್ನು ಇಂದಿಗೂ ಗೂಝೆರೊ–ಶೋಗ್ರೆನ್ ಸಿಂಡ್ರೋಮ್ ಎಂದೇ ಕರೆಯುತ್ತಾರೆ.

ಇವುಗಳ ಜೊತೆಗೆ ಊತದ ಕಥೆಯೊಂದು ಪ್ರತ್ಯೇಕವಾಗಿ ಬೆಳೆದಿತ್ತು. ಶಸ್ತ್ರವೈದ್ಯ ಯಾನ್ ಮಿಕುಲಿಚ್ ಅವರು 1888ರಲ್ಲಿ ಕೋನಿಗ್ಸ್‌ಬರ್ಗ್ ನಗರದಲ್ಲಿ 42 ವರ್ಷದ ರೈತನೊಬ್ಬನ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟರು. ಆತನ ಕಣ್ಣೀರಿನ ಗ್ರಂಥಿಗಳೂ ಜೊಲ್ಲುಗ್ರಂಥಿಗಳೂ ಎರಡೂ ಬದಿಗಳಲ್ಲಿ ನೋವಿಲ್ಲದೆ ದಪ್ಪಗಾಗಿದ್ದವು. 1892ರಲ್ಲಿ ಪ್ರಕಟವಾದ ಈ ವರದಿಯಿಂದ ಮಿಕುಲಿಚ್ ಕಾಯಿಲೆ ಎಂಬ ಹೆಸರು ಚಾಲ್ತಿಗೆ ಬಂತು. ಕಾಲಕ್ರಮದಲ್ಲಿ ಕಾರಣ ತಿಳಿಯದ ಎಷ್ಟೋ ಬಗೆಯ ಗ್ರಂಥಿ ಊತಗಳನ್ನು ಇದೇ ಹೆಸರಿನಡಿ ಸೇರಿಸಲಾಯಿತು.

ಹೀಗೆ 1920ರ ದಶಕದ ಕೊನೆಗೆ ಕಣ್ಣಿನ ವೈದ್ಯರಲ್ಲಿ ಒಂದು ಕಾಯಿಲೆ, ಬಾಯಿಯನ್ನು ನೋಡುವವರಲ್ಲಿ ಒಂದು ಕಾಯಿಲೆ, ಶಸ್ತ್ರವೈದ್ಯರಲ್ಲಿ ಮತ್ತೊಂದು ಕಾಯಿಲೆ ಇತ್ತು. ಮೂರನ್ನೂ ಒಟ್ಟಿಗೆ ನೋಡುವವರು ಇರಲಿಲ್ಲ.

ಸಂಶೋಧನೆ ಮತ್ತು ಮಹಾಪ್ರಬಂಧ

1930ರ ಸುಮಾರಿಗೆ ಸೆರಾಫಿಮರ್ ಆಸ್ಪತ್ರೆಯಲ್ಲಿ ಶೋಗ್ರೆನ್ ಅವರು ನಡುವಯಸ್ಸಿನ ಮಹಿಳೆಯೊಬ್ಬರನ್ನು ಪರೀಕ್ಷಿಸಿದರು. ಅವರಿಗೆ ಕಣ್ಣಿನ ಉರಿ, ಬಾಯಿಯ ಶುಷ್ಕತೆ ಮತ್ತು ಕೀಲುನೋವು ಮೂರೂ ಇದ್ದವು. ಅಂದಿನ ವಾಡಿಕೆಯಂತೆ ಇವುಗಳನ್ನು ಮೂರು ಪ್ರತ್ಯೇಕ ತೊಂದರೆಗಳೆಂದು ಭಾವಿಸಬಹುದಿತ್ತು. ಆದರೆ ಶೋಗ್ರೆನ್ ಅವರು ಇವುಗಳ ನಡುವೆ ಸಂಬಂಧವಿರಬಹುದೆಂದು ಶಂಕಿಸಿ, ಇಂತಹುದೇ ಲಕ್ಷಣಗಳಿರುವ ರೋಗಿಗಳನ್ನು ಹುಡುಕತೊಡಗಿದರು. ಮೊದಲ ಕೆಲವು ರೋಗಿಗಳ ವಿವರವನ್ನು 1930ರಲ್ಲಿ ಪ್ರಕಟಿಸಿದರು.

1933ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಬರೆದ ಡಾಕ್ಟರೇಟ್ ಮಹಾಪ್ರಬಂಧವನ್ನು ಸಲ್ಲಿಸಿದರು. ಅದರಲ್ಲಿ 19 ಮಹಿಳೆಯರ ವಿವರಗಳಿದ್ದವು. ಅವರಲ್ಲಿ 13 ಮಂದಿಗೆ ಸಂಧಿವಾತವೂ ಇತ್ತು. ಕಣ್ಣಿನಲ್ಲಿ ಕಂಡುಬಂದ ಬದಲಾವಣೆಗಳಿಗೆ ಅವರು ಕೆರಟೋಕಂಜಂಕ್ಟಿವೈಟಿಸ್ ಸಿಕ್ಕಾ ಎಂಬ ಹೆಸರನ್ನು ಕೊಟ್ಟರು. ಸಿಕ್ಕಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಒಣಗಿದ್ದು ಎಂದರ್ಥ. ಎ ಜೀವಸತ್ವದ ಕೊರತೆಯಿಂದ ಕಣ್ಣು ಒಣಗುವ, ಇರುಳುಗುರುಡಿನೊಂದಿಗೆ ಬರುವ ಬೇರೊಂದು ಕಾಯಿಲೆಯಿಂದ ಇದನ್ನು ಪ್ರತ್ಯೇಕಿಸುವುದು ಈ ಹೊಸ ಹೆಸರಿನ ಉದ್ದೇಶವಾಗಿತ್ತು.

ರೋಗವನ್ನು ಗುರುತಿಸಲು ಅವರು ಅಳೆಯಬಹುದಾದ ಪರೀಕ್ಷೆಗಳನ್ನು ಆಧರಿಸಿದರು. ಮೊದಲನೆಯದು, ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ಪ್ರಕಟಿಸಿದ ಪರೀಕ್ಷೆ. ಕೆಳರೆಪ್ಪೆಯ ಅಂಚಿಗೆ ಸಣ್ಣ ಸೋಸುಕಾಗದದ ಪಟ್ಟಿಯನ್ನು ಸಿಕ್ಕಿಸಿ, ನಿಗದಿತ ಸಮಯದಲ್ಲಿ ಅದು ಎಷ್ಟು ಉದ್ದಕ್ಕೆ ಒದ್ದೆಯಾಗುತ್ತದೆ ಎಂಬುದನ್ನು ಇದರಲ್ಲಿ ಅಳೆಯುತ್ತಾರೆ. ಎರಡನೆಯದು, ರೋಸ್ ಬೆಂಗಾಲ್ ಎಂಬ ಕೆಂಪು ಬಣ್ಣದ ಹನಿ. ಒಣಗಿ ಹಾಳಾದ ಕಣ್ಣಿನ ಮೇಲ್ಪದರವು ಈ ಬಣ್ಣವನ್ನು ಹೀರಿಕೊಂಡು ಎದ್ದು ಕಾಣುತ್ತದೆ. ಇದರೊಂದಿಗೆ ಅವರು ಗ್ರಂಥಿಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅಲ್ಲಿನ ಉರಿಯೂತವನ್ನೂ ದಾಖಲಿಸಿದರು.

ಕಣ್ಣಿನ ಶುಷ್ಕತೆಯು ಕಣ್ಣಿಗೆ ಮಾತ್ರ ಸೀಮಿತವಾದ ತೊಂದರೆಯಲ್ಲ, ಅದು ಇಡೀ ದೇಹವನ್ನು ವ್ಯಾಪಿಸಿದ ಕಾಯಿಲೆಯೊಂದರ ಹೊರಚಿಹ್ನೆ ಎಂಬುದೇ ಪ್ರಬಂಧದ ಮುಖ್ಯ ನಿಲುವಾಗಿತ್ತು. ಕಾರಣವೇನೆಂದು ಹೇಳುವ ಸಾಧನಗಳು ಆಗ ಇರಲಿಲ್ಲ. ದೇಹವು ತನ್ನ ಮೇಲೆಯೇ ಪ್ರತಿಕಾಯಗಳನ್ನು ಉತ್ಪಾದಿಸಿ ರೋಗವನ್ನುಂಟುಮಾಡಬಲ್ಲದು ಎಂಬುದನ್ನು ವೈದ್ಯಲೋಕವು ವ್ಯಾಪಕವಾಗಿ ಒಪ್ಪಿಕೊಂಡದ್ದು 1950ರ ದಶಕದ ಉತ್ತರಾರ್ಧದ ನಂತರವೇ.

ಪ್ರಬಂಧಕ್ಕೆ ದೊರೆತ ಸ್ವಾಗತ

ಪರೀಕ್ಷಕರು ಈ ಪ್ರಬಂಧಕ್ಕೆ ಉನ್ನತ ಶ್ರೇಣಿಯನ್ನು ಕೊಡಲಿಲ್ಲ. ಅಂದಿನ ಸ್ವೀಡನ್ನಿನಲ್ಲಿ ವಿಶ್ವವಿದ್ಯಾಲಯದ ಬೋಧಕನಾಗಲು ಡೊಸೆಂಟ್ ಎಂಬ ಅರ್ಹತೆ ಅಗತ್ಯವಾಗಿತ್ತು. ಮಹಾಪ್ರಬಂಧಕ್ಕೆ ದೊರೆತ ಶ್ರೇಣಿಯೇ ಆ ಅರ್ಹತೆಯನ್ನು ನಿರ್ಧರಿಸುತ್ತಿತ್ತು. ಶ್ರೇಣಿ ಸಾಲದೆ ಹೋದ ಕಾರಣ ಶೋಗ್ರೆನ್ ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು.

1930ರ ದಶಕದ ಉತ್ತರಾರ್ಧದಲ್ಲಿ ಅವರು ವೆಟ್ಟರ್ನ್ ಸರೋವರದ ದಕ್ಷಿಣ ತೀರದ ಯೋನ್‌ಶೆಪಿಂಗ್ ನಗರಕ್ಕೆ ತೆರಳಿ, ಅಲ್ಲಿನ ಆಸ್ಪತ್ರೆಯ ನೇತ್ರವಿಭಾಗದ ಮುಖ್ಯಸ್ಥರಾದರು. ಬೆಂಕಿಕಡ್ಡಿ ತಯಾರಿಕೆಗೆ ಜಗತ್ತಿನಲ್ಲಿ ಹೆಸರಾಗಿದ್ದ ಈ ನಗರದಲ್ಲಿ ವಿಶ್ವವಿದ್ಯಾಲಯವಾಗಲಿ ದೊಡ್ಡ ಪ್ರಯೋಗಾಲಯವಾಗಲಿ ಇರಲಿಲ್ಲ. ದಿನನಿತ್ಯದ ಚಿಕಿತ್ಸೆ ಮತ್ತು ಶಸ್ತ್ರಕ್ರಿಯೆಗಳ ನಡುವೆಯೇ ಅವರು ಶುಷ್ಕತೆಯ ರೋಗಿಗಳ ದಾಖಲೆಗಳನ್ನು ಸಂಗ್ರಹಿಸುತ್ತ ಹೋದರು. 1951ರಲ್ಲಿ ಮತ್ತಷ್ಟು ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು.

ಅವರ ಕೆಲಸವು ಸ್ವೀಡನ್ನಿನಿಂದ ಹೊರಗೆ ಹರಡಲು ಕಾರಣರಾದವರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ನಗರದ ನೇತ್ರತಜ್ಞ ಬ್ರೂಸ್ ಹ್ಯಾಮಿಲ್ಟನ್ ಮುಖ್ಯರು. ಅವರು ಜರ್ಮನ್ ಪ್ರಬಂಧವನ್ನು ಇಂಗ್ಲಿಷಿಗೆ ಅನುವಾದಿಸಿದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿ ಅದು ಆಸ್ಟ್ರೇಲಿಯಾದಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಓದುವ ವೈದ್ಯರಿಗೆ ಈ ಅನುವಾದದಿಂದಲೇ ಮೂಲ ವಿವರಣೆಯು ಪೂರ್ಣವಾಗಿ ದೊರೆಯಿತು.

ಇತರ ಕೊಡುಗೆಗಳು

ಶೋಗ್ರೆನ್ ಅವರು ಸ್ವೀಡನ್ನಿನಲ್ಲಿ ಕಾರ್ನಿಯಾ ಕಸಿ ಶಸ್ತ್ರಕ್ರಿಯೆಯನ್ನು ಆರಂಭದಲ್ಲಿಯೇ ಕೈಗೊಂಡ ವೈದ್ಯರಲ್ಲಿ ಒಬ್ಬರು. ಅಕ್ಷಿಪಟಲದ ವರ್ಣಪದರದಲ್ಲಿ ಮೀನಿನ ಬಲೆಯಂತಹ ಗುರುತುಗಳು ಮೂಡುವ ಅಪರೂಪದ ಆನುವಂಶಿಕ ಸ್ಥಿತಿಯೊಂದನ್ನು ಅವರು 1950ರಲ್ಲಿ ವಿವರಿಸಿದರು. ಅದಕ್ಕೂ ಅವರ ಹೆಸರೇ ಇದೆ.

ಶೋಗ್ರೆನ್–ಲಾರ್ಸನ್ ಸಿಂಡ್ರೋಮ್ ಮತ್ತು ಮರಿನೆಸ್ಕೊ–ಶೋಗ್ರೆನ್ ಸಿಂಡ್ರೋಮ್‌ಗಳಲ್ಲಿ ಬರುವ ಹೆಸರು ಇವರದ್ದಲ್ಲ. ಅದು ಸ್ವೀಡನ್ನಿನ ಮನೋವೈದ್ಯ ಹಾಗೂ ತಳಿವಿಜ್ಞಾನಿ ಟೋರ್ಸ್ಟನ್ ಶೋಗ್ರೆನ್ (1896–1974) ಅವರದ್ದು.

ಕಾಯಿಲೆಯ ತಿಳಿವಳಿಕೆಯ ಬೆಳವಣಿಗೆ

ಶೋಗ್ರೆನ್ ಅವರ ಜೀವಿತಕಾಲದಲ್ಲಿಯೇ ಅವರ ನಿಲುವಿಗೆ ಆಧಾರಗಳು ಒಂದೊಂದಾಗಿ ದೊರೆತವು. 1953ರಲ್ಲಿ ಅಮೆರಿಕದ ಮಾರ್ಗನ್ ಮತ್ತು ಕ್ಯಾಸಲ್‌ಮನ್ ಎಂಬ ವೈದ್ಯರು ಮಿಕುಲಿಚ್ ಕಾಯಿಲೆ ಎಂದು ಗುರುತಿಸಲಾಗಿದ್ದ ಗ್ರಂಥಿಗಳನ್ನು ಪರಿಶೀಲಿಸಿದರು. ಅವುಗಳ ಅಂಗಾಂಶದಲ್ಲಿ ಕಾಣುವ ಬದಲಾವಣೆಗಳೂ ಶೋಗ್ರೆನ್ ಸಿಂಡ್ರೋಮ್‌ನ ಬದಲಾವಣೆಗಳೂ ಒಂದೇ ಬಗೆಯವು ಎಂದು ಅವರು ತೋರಿಸಿದರು. ಹೀಗೆ ಊತದ ಕಥೆ ಮತ್ತು ಶುಷ್ಕತೆಯ ಕಥೆ ಒಂದೆಡೆ ಸೇರಿದವು. ಆದರೆ ಈ ಸೇರ್ಪಡೆಯೂ ಕೊನೆಯ ಮಾತಾಗಲಿಲ್ಲ. ಮಿಕುಲಿಚ್ ಕಾಯಿಲೆ ಎನಿಸಿಕೊಂಡ ಪ್ರಕರಣಗಳಲ್ಲಿ ಹಲವು ಐಜಿಜಿ4 ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ಬೇರೆಯದೇ ಕಾಯಿಲೆಯೆಂದು 21ನೆಯ ಶತಮಾನದಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು.

1958ರಲ್ಲಿ ಕಣ್ಣೀರು ಮತ್ತು ಜೊಲ್ಲುಗ್ರಂಥಿಗಳ ವಿರುದ್ಧದ ಪ್ರತಿಕಾಯಗಳು ಈ ರೋಗಿಗಳ ರಕ್ತದಲ್ಲಿ ಪತ್ತೆಯಾದವು. 1964ರಲ್ಲಿ ಟಾಲಾಲ್ ಮತ್ತು ಬುನಿಮ್ ಅವರು ಈ ಕಾಯಿಲೆಯುಳ್ಳ ಕೆಲವರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಬೆಳೆಯುವುದನ್ನು ವರದಿ ಮಾಡಿದರು. 1968ರಲ್ಲಿ ಚಿಜಮ್ ಮತ್ತು ಮೇಸನ್ ಅವರು ಕೆಳತುಟಿಯ ಒಳಭಾಗದ ಸಣ್ಣ ಜೊಲ್ಲುಗ್ರಂಥಿಗಳ ಬಯಾಪ್ಸಿಯಿಂದ ಉರಿಯೂತದ ಮಟ್ಟವನ್ನು ಅಳೆಯುವ ಕ್ರಮವನ್ನು ರೂಪಿಸಿದರು. 1970ರ ದಶಕದಲ್ಲಿ ರೋ ಮತ್ತು ಲಾ ಎಂಬ ಪ್ರತಿಜನಕಗಳ ವಿರುದ್ಧದ ಪ್ರತಿಕಾಯಗಳು ಈ ಕಾಯಿಲೆಯ ಮುಖ್ಯ ಗುರುತುಗಳಾದವು. ಇವನ್ನು ಎಸ್‌ಎಸ್‌ಎ, ಎಸ್‌ಎಸ್‌ಬಿ ಎಂದೂ ಕರೆಯುತ್ತಾರೆ. ಇವೆರಡರಲ್ಲಿ ಬರುವ ಎಸ್‌ಎಸ್ ಎಂಬುದು ಶೋಗ್ರೆನ್ ಸಿಂಡ್ರೋಮ್‌ನ ಸಂಕ್ಷೇಪ.

ಕಾಯಿಲೆಯು ಒಂಟಿಯಾಗಿ ಬಂದಾಗ ಅದನ್ನು ಪ್ರಾಥಮಿಕ ಎಂದೂ, ಲೂಪಸ್ ಅಥವಾ ರುಮಟಾಯ್ಡ್ ಸಂಧಿವಾತದಂತಹ ಮತ್ತೊಂದು ರೋಗದೊಂದಿಗೆ ಬಂದಾಗ ದ್ವಿತೀಯಕ ಎಂದೂ ವಿಂಗಡಿಸುವುದು ಬಹುಕಾಲ ರೂಢಿಯಲ್ಲಿತ್ತು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರು. ಹೆಚ್ಚಿನವರಲ್ಲಿ ನಡುವಯಸ್ಸಿನಲ್ಲಿ ರೋಗ ಪತ್ತೆಯಾಗುತ್ತದೆ.

ಮಕ್ಕಳಲ್ಲಿ ಶೋಗ್ರೆನ್ ಕಾಯಿಲೆ

ಶೋಗ್ರೆನ್ ಅವರು ರೂಪಿಸಿದ ರೋಗಚಿತ್ರದಲ್ಲಿ ಶುಷ್ಕತೆಯೇ ಕೇಂದ್ರ. ನಂತರ ಬಂದ ರೋಗನಿರ್ಣಯದ ಮಾನದಂಡಗಳೂ ಅದನ್ನೇ ಅನುಸರಿಸಿದವು. ಇದರಿಂದ ವಯಸ್ಕರಿಗೆ ಅನುಕೂಲವಾಯಿತಾದರೂ ಮಕ್ಕಳ ಕಾಯಿಲೆ ಕಣ್ತಪ್ಪುವಂತಾಯಿತು. ಮಗುವಿನ ಗ್ರಂಥಿಗಳಲ್ಲಿ ಸ್ರವಿಸುವ ಶಕ್ತಿ ಇನ್ನೂ ಸಾಕಷ್ಟು ಉಳಿದಿರುವುದರಿಂದ ಕಣ್ಣೂ ಬಾಯಿಯೂ ಒದ್ದೆಯಾಗಿಯೇ ಇರಬಹುದು. ಗ್ರಂಥಿ ಹಾಳಾಗಿ ಶುಷ್ಕತೆ ಮೂಡಲು ವರ್ಷಗಳೇ ಬೇಕಾಗುತ್ತವೆ. ಅದಕ್ಕೂ ಮುಂಚೆ ಕಾಣುವುದು ಉರಿಯೂತದಿಂದಾದ ಊತ. ಕಿವಿಯ ಮುಂದೆ ಮತ್ತು ಕೆಳಗೆ ಇರುವ ಪೆರೋಟಿಡ್ ಗ್ರಂಥಿಯು ಒಂದು ಬದಿಯಲ್ಲೋ ಎರಡೂ ಬದಿಗಳಲ್ಲೋ ಊದಿಕೊಂಡು, ಕೆಲವು ದಿನಗಳಲ್ಲಿ ಇಳಿದು, ತಿಂಗಳುಗಳ ನಂತರ ಮತ್ತೆ ಊದಿಕೊಳ್ಳುತ್ತದೆ. ಬಾಲ್ಯದ ಶೋಗ್ರೆನ್ ಕಾಯಿಲೆಯಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಆರಂಭಿಕ ಲಕ್ಷಣಗಳಲ್ಲಿ ಇದು ಒಂದು.

ಒಂದು ರೀತಿಯಲ್ಲಿ, ವಯಸ್ಕರು ಶೋಗ್ರೆನ್ ಅವರ ರೋಗಿಗಳನ್ನು ಹೋಲಿದರೆ ಮಕ್ಕಳು ಮಿಕುಲಿಚ್ ಅವರ ರೋಗಿಯನ್ನು ಹೋಲುತ್ತಾರೆ.

ಊತದ ಇತರ ಕಾರಣಗಳು

ಮಗುವಿನ ಕೆನ್ನೆ ಊದಿಕೊಂಡಾಗ ಮೊದಲು ನೆನಪಿಗೆ ಬರುವುದು ಮಂಗನಬಾವು. ಕೆಪ್ಪಟೆ ಎಂದೂ ಕರೆಯಲಾಗುವ ಈ ವೈರಸ್ ಸೋಂಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆದ್ದರಿಂದ ಎರಡನೆಯ ಅಥವಾ ಮೂರನೆಯ ಸಲವೂ ಊತ ಬಂದರೆ ಅದನ್ನು ಮಂಗನಬಾವು ಎಂದು ಬಿಟ್ಟುಬಿಡುವುದು ಸರಿಯಲ್ಲ. ಭಾರತದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಇದ್ದರೂ ಮಂಗನಬಾವಿನ ಲಸಿಕೆ ಸೇರಿಲ್ಲ. ಹೀಗಾಗಿ ಇಲ್ಲಿ ಆ ಸೋಂಕು ಇನ್ನೂ ಸಾಮಾನ್ಯವಾಗಿದ್ದು, ಬೇರೆ ಕಾರಣದ ಊತವೂ ಅದೇ ಹೆಸರಿನಲ್ಲಿ ಮರೆಯಾಗುವ ಸಾಧ್ಯತೆ ಹೆಚ್ಚು.

ಮರುಕಳಿಸುವ ಊತಕ್ಕೆ ಅತಿ ಸಾಮಾನ್ಯ ಕಾರಣವೆಂದರೆ ಬಾಲ್ಯದ ಮರುಕಳಿಸುವ ಪೆರೋಟೈಟಿಸ್. ಇದು ಹೆಚ್ಚಾಗಿ 3ರಿಂದ 6 ವರ್ಷದೊಳಗೆ ಆರಂಭವಾಗುತ್ತದೆ, ಗಂಡುಮಕ್ಕಳಲ್ಲಿ ಸ್ವಲ್ಪ ಹೆಚ್ಚು, ಮತ್ತು ಬಹುತೇಕ ಮಕ್ಕಳಲ್ಲಿ ಹದಿಹರೆಯದ ವೇಳೆಗೆ ತಾನಾಗಿಯೇ ನಿಲ್ಲುತ್ತದೆ. ಶೋಗ್ರೆನ್ ಕಾಯಿಲೆಯಾದರೋ ಹೆಣ್ಣುಮಕ್ಕಳಲ್ಲಿ ಹೆಚ್ಚು, ಸಾಮಾನ್ಯವಾಗಿ ಇನ್ನೂ ದೊಡ್ಡ ವಯಸ್ಸಿನಲ್ಲಿ ಗೊತ್ತಾಗುತ್ತದೆ, ಮತ್ತು ತಾನಾಗಿ ಹೋಗುವುದಿಲ್ಲ. ಆದರೆ ಒಂದು ಊತವನ್ನಷ್ಟೇ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಎರಡರಲ್ಲೂ ಗ್ರಂಥಿಯ ಒಳಗೆ ಕಪ್ಪು ಚುಕ್ಕೆಗಳಂತಹ ಭಾಗಗಳು ಕಾಣಬಹುದು.

ನಾಳದಲ್ಲಿ ಕಲ್ಲು, ಬ್ಯಾಕ್ಟೀರಿಯಾ ಸೋಂಕು, ಎಚ್‌ಐವಿ ಸೋಂಕು, ಕ್ಷಯ, ಸಾರ್ಕಾಯ್ಡೋಸಿಸ್, ಜನ್ಮಜಾತ ರೋಗನಿರೋಧಕ ಶಕ್ತಿಯ ಕೊರತೆ ಮತ್ತು ಲಿಂಫೋಮಾ ಸಹ ಊತಕ್ಕೆ ಕಾರಣವಾಗಬಲ್ಲವು. ಶೋಗ್ರೆನ್ ಕಾಯಿಲೆ ಎಂದು ನಿರ್ಧರಿಸುವ ಮುನ್ನ ಇವುಗಳನ್ನು ಹೊರತುಪಡಿಸಬೇಕು.

ಶಂಕೆ ಮೂಡಿಸುವ ಚಿಹ್ನೆಗಳು

ಊತದ ಜೊತೆಗೆ ದೇಹದ ಬೇರೆ ಭಾಗಗಳಲ್ಲಿ ತೊಂದರೆಗಳಿದ್ದರೆ ಶಂಕೆ ಬಲಗೊಳ್ಳುತ್ತದೆ. ಕಾರಣವಿಲ್ಲದೆ ಬರುವ ಜ್ವರ, ಬಳಲಿಕೆ, ಕೀಲುನೋವು, ಕಾಲುಗಳ ಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳು, ವಯಸ್ಸಿಗೆ ಮೀರಿ ಹಲ್ಲು ಹುಳುಕಾಗುವುದು, ಒಣ ಆಹಾರ ನುಂಗಲು ಪದೇ ಪದೇ ನೀರು ಬೇಕಾಗುವುದು, ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು ಇವುಗಳಲ್ಲಿ ಮುಖ್ಯ. ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ನಾಳಗಳಿಗೆ ಬಾಧೆಯಾಗಿ ರಕ್ತದ ಪೊಟ್ಯಾಸಿಯಂ ಕುಸಿದು, ಕೈಕಾಲುಗಳ ಶಕ್ತಿ ಹಠಾತ್ತನೆ ಉಡುಗುವುದೇ ಮೊದಲ ಲಕ್ಷಣವಾಗಬಹುದು. ನರಮಂಡಲಕ್ಕೂ ತೊಂದರೆಯಾಗಬಹುದು. ಕುಟುಂಬದಲ್ಲಿ ಲೂಪಸ್, ಥೈರಾಯ್ಡ್ ಅಥವಾ ಸಂಧಿವಾತದ ಇತಿಹಾಸವಿದ್ದರೆ ಅದನ್ನೂ ವೈದ್ಯರು ಕೇಳಿ ತಿಳಿಯುತ್ತಾರೆ.

ಪರೀಕ್ಷೆಗಳು

ರಕ್ತಪರೀಕ್ಷೆಯಲ್ಲಿ ಎಎನ್‌ಎ, ರೋ ಮತ್ತು ಲಾ ಪ್ರತಿಕಾಯಗಳು, ರುಮಟಾಯ್ಡ್ ಅಂಶ, ಇಮ್ಯುನೊಗ್ಲಾಬ್ಯುಲಿನ್ ಪ್ರಮಾಣ, ರಕ್ತಕಣಗಳ ಎಣಿಕೆ ಹಾಗೂ ಇಎಸ್‌ಆರ್ ನೋಡಲಾಗುತ್ತದೆ. ಆರೋಗ್ಯವಂತ ಮಕ್ಕಳಲ್ಲಿಯೂ ಎಎನ್‌ಎ ಕಂಡುಬರುವುದುಂಟು, ಆದ್ದರಿಂದ ಅದೊಂದನ್ನೇ ನಂಬಲಾಗದು. ರೋ ಪ್ರತಿಕಾಯ ಮತ್ತು ಐಜಿಜಿ ಪ್ರಮಾಣ ಎರಡೂ ಹೆಚ್ಚಿದ್ದರೆ ಅದಕ್ಕೆ ಹೆಚ್ಚಿನ ಬೆಲೆ ಇದೆ. ಗ್ರಂಥಿಗಳ ಅಲ್ಟ್ರಾಸೌಂಡ್ ನೋವಿಲ್ಲದ, ವಿಕಿರಣವಿಲ್ಲದ ಪರೀಕ್ಷೆಯಾದ್ದರಿಂದ ಮಕ್ಕಳಿಗೆ ಸೂಕ್ತ. ಶೋಗ್ರೆನ್ ಅವರು ಬಳಸಿದ ಶಿರ್ಮರ್ ಪಟ್ಟಿ ಇಂದಿಗೂ ಬಳಕೆಯಲ್ಲಿದೆಯಾದರೂ ಚಿಕ್ಕ ಮಕ್ಕಳು ಅದನ್ನು ಸಹಿಸಲಾರರು. ರೋಸ್ ಬೆಂಗಾಲ್ ಕಣ್ಣನ್ನು ಉರಿಸುವುದರಿಂದ ಅದರ ಬದಲಿಗೆ ಲಿಸಮೈನ್ ಹಸಿರು ಮತ್ತು ಫ್ಲುರೊಸೀನ್ ಬಣ್ಣಗಳು ಬಂದಿವೆ.

ಸಂದೇಹ ಉಳಿದಾಗ ಕೆಳತುಟಿಯ ಒಳಭಾಗದಿಂದ ಕೆಲವು ಸಣ್ಣ ಗ್ರಂಥಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. 50 ಅಥವಾ ಅದಕ್ಕಿಂತ ಹೆಚ್ಚು ಲಿಂಫೋಸೈಟ್ ಕಣಗಳು ಒಂದೆಡೆ ಗುಂಪುಗೂಡಿದ್ದರೆ ಅದನ್ನು ಒಂದು ಕೇಂದ್ರವೆಂದು ಎಣಿಸಿ, 4 ಚದರ ಮಿಲಿಮೀಟರ್ ಅಂಗಾಂಶದಲ್ಲಿ ಅಂತಹ ಕೇಂದ್ರಗಳು ಎಷ್ಟಿವೆ ಎಂದು ಲೆಕ್ಕ ಹಾಕುತ್ತಾರೆ.

ಮಾನದಂಡಗಳ ಮಿತಿ

2016ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಗಳು ಜಂಟಿಯಾಗಿ ವರ್ಗೀಕರಣ ಮಾನದಂಡವನ್ನು ಪ್ರಕಟಿಸಿದವು. ಅದರಲ್ಲಿ ತುಟಿಯ ಬಯಾಪ್ಸಿಯಲ್ಲಿ ಕೇಂದ್ರಗಳ ಎಣಿಕೆ 1 ಅಥವಾ ಹೆಚ್ಚಿದ್ದರೆ 3 ಅಂಕ, ರೋ ಪ್ರತಿಕಾಯಕ್ಕೆ 3 ಅಂಕ, ಕಣ್ಣಿನ ಮೇಲ್ಪದರವು ಬಣ್ಣ ಹೀರುವಿಕೆಗೆ 1 ಅಂಕ, ಶಿರ್ಮರ್ ಪಟ್ಟಿ 5 ನಿಮಿಷದಲ್ಲಿ 5 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಒದ್ದೆಯಾದರೆ 1 ಅಂಕ, ನಿಮಿಷಕ್ಕೆ ಜೊಲ್ಲಿನ ಹರಿವು 0.1 ಮಿಲಿಲೀಟರ್ ಅಥವಾ ಅದಕ್ಕೂ ಕಡಿಮೆ ಇದ್ದರೆ 1 ಅಂಕ. ಒಟ್ಟು 4 ಅಂಕಗಳು ಬೇಕು.

ಈ ಅಂಕಪಟ್ಟಿಯಲ್ಲಿ ಪೆರೋಟಿಡ್ ಊತಕ್ಕೆ ಅಂಕವಿಲ್ಲ. ಪರೀಕ್ಷೆಗೆ ಒಳಪಡಿಸಬೇಕಾದವರನ್ನು ಗುರುತಿಸುವ ಹಂತದಲ್ಲಿ ಮಾತ್ರ ಅದಕ್ಕೆ ಸ್ಥಾನವಿದೆ. ರೋ ಪ್ರತಿಕಾಯವಿದ್ದು ಪದೇ ಪದೇ ಗ್ರಂಥಿ ಊದುವ, ಆದರೆ ಕಣ್ಣು ಬಾಯಿಗಳು ಒಣಗದ ಮಗುವಿಗೆ 3 ಅಂಕಗಳಷ್ಟೇ ದೊರೆತು, ಬಯಾಪ್ಸಿ ಮಾಡದ ಹೊರತು ಅದು ಪಟ್ಟಿಯಿಂದ ಹೊರಗುಳಿಯಬಹುದು. ಇದಕ್ಕೂ ಮುಂಚೆಯೇ, 1999ರಲ್ಲಿ, ಜೆಕ್ ದೇಶದ ಬಾರ್ಟುಂಕೋವಾ ಮತ್ತು ಸಹೋದ್ಯೋಗಿಗಳು ಮರುಕಳಿಸುವ ಪೆರೋಟೈಟಿಸ್ ಸೇರಿದಂತೆ ಮಕ್ಕಳಿಗೆ ತಕ್ಕ ಮಾನದಂಡಗಳನ್ನು ಸೂಚಿಸಿದರು. ಆದರೂ ವಯಸ್ಕರಿಗಾಗಿ ರಚಿತವಾದ ಮಾನದಂಡಗಳು ಸಂಶೋಧನೆಗೆ ರೋಗಿಗಳನ್ನು ಆರಿಸಲು ಇರುವ ಸಾಧನಗಳೇ ಹೊರತು, ಮಗುವಿನ ಚಿಕಿತ್ಸೆಯನ್ನು ತಡೆಯುವ ಗೆರೆಗಳಲ್ಲ. ಅಂತಿಮ ನಿರ್ಣಯವು ಮಕ್ಕಳ ಸಂಧಿವಾತ ತಜ್ಞರು, ನೇತ್ರತಜ್ಞರು, ದಂತವೈದ್ಯರು ಮತ್ತು ಕಿವಿ–ಮೂಗು–ಗಂಟಲು ತಜ್ಞರು ತಮ್ಮ ತಮ್ಮ ವಿವರಗಳನ್ನು ಒಟ್ಟುಗೂಡಿಸಿದಾಗ ದೊರೆಯುತ್ತದೆ.

ಬೇಗ ಗುರುತಿಸುವುದರ ಮಹತ್ವ

ಕಾಯಿಲೆಯನ್ನು ಸಂಪೂರ್ಣವಾಗಿ ವಾಸಿಮಾಡುವ ಔಷಧ ಇಲ್ಲ. ಆದರೆ ಬೇಗ ಗುರುತಿಸಿದರೆ ಹಲ್ಲು ಮತ್ತು ಕಣ್ಣುಗಳನ್ನು ಕಾಪಾಡಬಹುದು. ಮೂತ್ರಪಿಂಡ, ಶ್ವಾಸಕೋಶ ಮತ್ತು ನರಗಳ ಮೇಲೆ ನಿಗಾ ಇಡಬಹುದು, ಅಗತ್ಯವಿರುವವರಿಗೆ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧ ಕೊಡಬಹುದು. ಪ್ರತಿ ಊತಕ್ಕೂ ಆ್ಯಂಟಿಬಯೋಟಿಕ್ ಕೊಡುತ್ತ ಹೋಗುವುದೂ ತಪ್ಪುತ್ತದೆ. ಇಳಿಯದೆ ಉಳಿಯುವ ಗಟ್ಟಿಯಾದ ಊತವು ಲಿಂಫೋಮಾದ ಮುನ್ಸೂಚನೆಯಾಗಬಹುದಾದ್ದರಿಂದ ದೀರ್ಘಕಾಲದ ತಪಾಸಣೆ ಅಗತ್ಯ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣವಿದೆ. ರೋ ಪ್ರತಿಕಾಯವು ಗರ್ಭಿಣಿಯ ರಕ್ತದಿಂದ ಮಾಸುವಿನ ಮೂಲಕ ಭ್ರೂಣವನ್ನು ತಲುಪಬಲ್ಲದು. ಇಂತಹ ಗರ್ಭಗಳಲ್ಲಿ ಸುಮಾರು ನೂರಕ್ಕೆ ಒಂದೆರಡರಲ್ಲಿ ಶಿಶುವಿನ ಹೃದಯದ ವಿದ್ಯುತ್ ಸಂವಹನಕ್ಕೆ ಶಾಶ್ವತ ತಡೆಯುಂಟಾಗುತ್ತದೆ. ಬಾಲ್ಯದಲ್ಲಿಯೇ ಕಾಯಿಲೆ ಪತ್ತೆಯಾಗಿದ್ದರೆ ಮುಂದೆ ಗರ್ಭಾವಸ್ಥೆಯಲ್ಲಿ ಭ್ರೂಣದ ಹೃದಯವನ್ನು ಗಮನಿಸುತ್ತಿರಲು ಸಾಧ್ಯವಾಗುತ್ತದೆ.

ಗೌರವಗಳು

ಪ್ರಬಂಧ ಸಲ್ಲಿಸಿ 24 ವರ್ಷಗಳಾದ ಮೇಲೆ, 1957ರಲ್ಲಿ, ಗೋಥೆನ್‌ಬರ್ಗ್ ವಿಶ್ವವಿದ್ಯಾಲಯವು ಶೋಗ್ರೆನ್ ಅವರನ್ನು ಡೊಸೆಂಟ್ ಆಗಿ ನೇಮಿಸಿತು. 1961ರಲ್ಲಿ ಸ್ವೀಡನ್ ಸರ್ಕಾರವು ಅವರಿಗೆ ಪ್ರೊಫೆಸರ್ ಬಿರುದನ್ನು ನೀಡಿತು. 1970ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವು ಅವರನ್ನು ಗೌರವ ಸದಸ್ಯರನ್ನಾಗಿ ಆರಿಸಿತು. ನೇತ್ರತಜ್ಞರೊಬ್ಬರಿಗೆ ಕೀಲುರೋಗಗಳ ವೈದ್ಯರಿಂದ ಈ ಗೌರವ ಸಂದದ್ದು, ಕಣ್ಣಿನಾಚೆಗೂ ರೋಗವನ್ನು ಹುಡುಕಿದ ಅವರ ಕೆಲಸದ ಸ್ವರೂಪಕ್ಕೆ ತಕ್ಕುದಾಗಿತ್ತು.

ಕೊನೆಯ ವರ್ಷಗಳು ಮತ್ತು ನೆನಪು

ನಿವೃತ್ತಿಯ ನಂತರ ಶೋಗ್ರೆನ್ ಅವರು ದಕ್ಷಿಣ ಸ್ವೀಡನ್ನಿನ ಲುಂಡ್ ನಗರದಲ್ಲಿ ನೆಲೆಸಿದರು. ಅವರ ಹೆಸರಿನ ಕಾಯಿಲೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ವಿಚಾರಗೋಷ್ಠಿಯು 1986ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲುಂಡ್‌ನಲ್ಲಿ ನಿಧನರಾದರು. ಆಗ ಅವರಿಗೆ 87 ವರ್ಷ ವಯಸ್ಸಾಗಿತ್ತು.

ಅವರ ಜನ್ಮದಿನವಾದ ಜುಲೈ 23ನ್ನು ಪ್ರತಿವರ್ಷ ವಿಶ್ವ ಶೋಗ್ರೆನ್ ದಿನವನ್ನಾಗಿ ಆಚರಿಸಲಾಗುತ್ತದೆ. ಇದು ಲಕ್ಷಣಗಳ ಗುಂಪು ಮಾತ್ರವಲ್ಲ, ತನ್ನದೇ ಸ್ವರೂಪವುಳ್ಳ ರೋಗ ಎಂಬ ಕಾರಣಕ್ಕೆ ಸಿಂಡ್ರೋಮ್ ಎಂಬುದರ ಬದಲು ಶೋಗ್ರೆನ್ ಕಾಯಿಲೆ ಎಂಬ ಹೆಸರನ್ನೇ ಬಳಸುವ ರೂಢಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. 1933ರ ಪ್ರಬಂಧದ ನಿಲುವೂ ಅದೇ ಆಗಿತ್ತು.